ನರ್ಸಿನ ಮಗಳಿಗೇ ಸೂಜಿ ಆಗಿಲ್ಲವಂತೆ!

ಲಸಿಕೆಯ ಪೆಟ್ಟಿಗೆ ಹೆಗಲಿಗೇರಿಸಿ ನಾನು ಬಸ್ಸಿಗೆ ಕಾಯುತ್ತಿರುವಾಗಲೇ ವಾಟ್ಸಾಪ್ ಊರು ಮುಟ್ಟಿರುತ್ತದೆ. ನಾನು ಎಲ್ಲಿಗೇ ಹೋದರೂ ಅಲ್ಲೊಂದು ಸುಳ್ಳು ನನಗಿಂತ ಮೊದಲೇ ಬಂದು, ಚಹಾ ಕುಡಿದು, ಕಾಲು ಚಾಚಿ ಕೂತಿರುತ್ತದೆ. ಈ ಸಲದ್ದು ದಡಾರದ ಸೂಜಿಯ ಬಗ್ಗೆ ಬಂದ ಆಡಿಯೋ. ಹಾಳಾದ್ದು, ನಮ್ಮ ಕಡೆ ದಡಾರ ಮತ್ತೆ ತಲೆ ಎತ್ತಿದ ಹೊತ್ತಿಗೇ ಬರಬೇಕೇ?

ಎಕಂಬಾದ ಕುರಿಗಳು

ಔರಾದ್ ಕಡೆಯ ಎಕಂಬಾದಲ್ಲಿ ಒಬ್ಬ ಕುರಿಗಾರ ತನ್ನ ಕುರಿಗಳನ್ನು ಒಂದೊಂದಾಗಿ ಹಿಡಿದು ಪಶುವೈದ್ಯರಿಂದ ಸೂಜಿ ಮಾಡಿಸುತ್ತಿದ್ದ. ಮಗನಿಗೆ ಮಾತ್ರ ಬೇಡ ಎಂದ.

"ಮೊಬೈಲ್‌ನಾಗ ಬಂದದರಿ ಸಿಸ್ಟರ್. ಬೀದರ್‌ದಾಗ ಒಂದು ಕೂಸಿಗಿ ಭಾಳ ತ್ರಾಸ ಆಗ್ಯದಂತ."

"ಮತ್ತ ಕುರಿಗಿ ಹ್ಯಾಂಗ ಮಾಡಸ್ಲಾಕತ್ತೀರಿ?"

"ಕುರಿ ಬಗ್ಗಿ ಏನೂ ಬಂದಿಲ್ಲರಿ."

ಅವನ ಹೆಂಡತಿ ಮಗನನ್ನು ಎತ್ತಿಕೊಂಡು ಬಂದಳು. "ಮಾಡ್ರಿ ಸಿಸ್ಟರ್. ನನ್ನ ಮಗ ಕುರಿಗಿಂತ ಕಡಿಮಿ ಏನು?"

ಜನವಾಡದ ಲೆಕ್ಕ

ಮರುದಿನ ಬೀದರ್ ಪಕ್ಕದ ಜನವಾಡ. ಅಲ್ಲಿಯ ಹಿರಿಯರೊಬ್ಬರು, "ಔರಾದ್‌ದಾಗ ಒಂದು ಕೂಸಿಗಿ ತ್ರಾಸ ಆಗ್ಯದಂತಲ್ರಿ?" ಎಂದರು.

"ನಾ ನಿನ್ನಿ ಔರಾದ್ ಕಡೀಗೇ ಹೋಗಿದ್ದೆರಿ. ಅಲ್ಲಿ ಬೀದರ್‌ದಾಗ ಆಗ್ಯದ ಅಂತಾರ."

ಹಿರಿಯರು ಗಂಭೀರವಾಗಿ ತಲೆಯಾಡಿಸಿದರು. "ಅಂದ್ರ ಎರಡೂ ಕಡಿ ಆಗ್ಯದ!"

ಮೈಲೂರಿನ ನಾನಿ

ಮೈಲೂರಿನ ಒಂದು ಮನೆಯಲ್ಲಿ ಎಲ್ಲರೂ ನಾನಿ ಎನ್ನುವ ಅಜ್ಜಿಯ ತೊಡೆಯ ಮೇಲೆ ಮೊಮ್ಮಗ ಕೂತು ಬಿಸ್ಕಿಟ್ ಚೀಪುತ್ತಿದ್ದ. ಎರಡು ಮನೆ ಆಚೆ ಆಗಲೇ ಒಂದು ಮಗು ದಡಾರದಿಂದ ಮಲಗಿತ್ತು.

"ಚಹಾ ಕುಡಿ ಬೇಟಿ. ಸೂಜಿ ಬ್ಯಾಡ. ಭಾಲ್ಕಿಯಿಂದ ಬರೋ ನರ್ಸ್ ಒಬ್ಬಾಕಿ ತನ್ನ ಮಗಳಿಗೇ ಮಾಡ್ಸಿಲ್ಲಂತ, ಮೊಬೈಲ್‌ನಾಗ ಬಂದದ."

ಭಾಲ್ಕಿಯಿಂದ ಬರುವವಳು ನಾನೊಬ್ಬಳೇ. "ಅದು ನಾನೇರಿ ನಾನಿ!"

"ಯಾ ಅಲ್ಲಾ! ಮತ್ತ ನನ್ನ ಮೊಮ್ಮಗಗ ಯಾಕ ಮಾಡ್ಲಾಕ ಬಂದಿ?"

ನನ್ನ ಮಗಳಿಗೆ ಸೂಜಿ ಆಗಿದೆ ಎಂದರೂ ನಾನಿ ನಂಬಲಿಲ್ಲ, ಚಹಾ ಕುಡಿಸಿ ಕಳಿಸಿದರು. ಬಿಸ್ಕಿಟ್ ಚೀಪುತ್ತಿದ್ದ ಆ ಮಗುವಿನ ಮುಖ ಬಸ್ಸಿನ ತುಂಬ ನನ್ನ ಜೊತೆಗೇ ಬಂತು.

ಭಾಲ್ಕಿಯ ನಮ್ಮನೆ

ಮನೆಗೆ ಬಂದರೆ ಅತ್ತೆ ರೊಟ್ಟಿ ಬಡಿಯುತ್ತಲೇ ಶುರು ಮಾಡಿದರು. "ಒಬ್ಬಾಕಿ ನರ್ಸ್ ತನ್ನ ಮಗಳಿಗೇ ಸೂಜಿ ಮಾಡ್ಸಿಲ್ಲಂತ ನೋಡವ್ವಾ! ನಮ್ಮ ಭಜನಿ ಗ್ರೂಪಿನಾಗ ಎಲ್ಲಾರಿಗೂ ಕಳಸೀನಿ."

"ಅತ್ತಿ, ಆ ನರ್ಸ್ ನಾನೇರಿ!"

"ಹೌದೇನು? ಯಾಕ ಮಾಡ್ಸಿಲ್ಲ?"

"ಮಾಡ್ಸೀನ್ರಿ! ನೀವೇ ತೊಡಿ ಮ್ಯಾಲ ಕುಂದ್ರಿಸ್ಕೊಂಡು ಹಿಡ್ದಿದ್ರಿ!"

ಅತ್ತೆ ಯೋಚಿಸಿದರು. "ಹಿಡ್ದಿದ್ದು ಖರೇ. ಆದ್ರ ಮೊಬೈಲ್‌ನಾಗ ಬಂದದಲ್ಲ!"

ಹಂಚಿನ ಮೇಲಿನ ರೊಟ್ಟಿ ಕಪ್ಪಾಯಿತು. ಆಗ ಅವರಿಗೆ ಸಿಟ್ಟು ಬಂತು. "ಅಂದ್ರ ನಾ ಹಿಡ್ದಿದ್ದು ಸುಳ್ಳಂತಾರೇನು?" ಹಿಟ್ಟಿನ ಕೈಯಲ್ಲೇ ಮೊಬೈಲ್ ಒತ್ತಿ ಗುಡುಗಿದರು: "ಕೇಳ್ರಿ ಎಲ್ಲಾರೂ! ನಾ ಆ ನರ್ಸಿನ ಅತ್ತಿ. ಮೊಮ್ಮಗಳನ್ನ ನನ್ನ ತೊಡಿ ಮ್ಯಾಲೇ ಹಿಡ್ದೀನಿ. ಸೂಜಿ ಆಗ್ಯದ, ಕೂಸಿಗಿ ಏನೂ ಆಗಿಲ್ಲ!"

ಅದನ್ನು ನನ್ನ ಮೊಬೈಲಿಗೂ ಹಾಕಿಕೊಂಡು ಗೊತ್ತಿದ್ದವರಿಗೆಲ್ಲ ಕಳಿಸಿದೆ. ಸುಳ್ಳು ಹೋದ ದಾರಿಯಲ್ಲೇ ಅತ್ತೆಯೂ ಹೋಗಲಿ ಅನ್ನಿಸಿತು.

ಮುಂದಿನ ಲಸಿಕೆಯ ದಿನ ಮೈಲೂರಿನಲ್ಲಿ ನಾನಿ ಮೊಮ್ಮಗನನ್ನು ಎತ್ತಿಕೊಂಡು ತಾವಾಗಿಯೇ ಬಂದರು. ನನ್ನ ಕಣ್ಣು ತುಂಬಿತು. ಸಿರಿಂಜ್ ಹಿಡಿದರೆ ನಾನಿ ಹಿಂದೆ ಸರಿದರು.

"ತಡಿ ಬೇಟಿ. ನಿಮ್ಮ ಅತ್ತಿ ಎಲ್ಲಿ? ಆಕಿ ತೊಡಿ ಮ್ಯಾಲ ಕುಂದ್ರಿಸಿದ್ರ ಕೂಸಿಗಿ ಏನೂ ಆಗಲ್ಲಂತ. ಮೊಬೈಲ್‌ನಾಗ ಬಂದದ!"

ಎಷ್ಟು ಹೇಳಿದರೂ ನಾನಿ ಜಗ್ಗಲಿಲ್ಲ. ಕೊನೆಗೆ ಫೋನು ಮಾಡಿದೆ. ಅತ್ತೆ ಹಬ್ಬದ ಸೀರೆ ಉಟ್ಟು ಭಾಲ್ಕಿ ಬಸ್ಸಿಗೆ ಬಂದಿಳಿದರು. ಅಲ್ಲಿಯವರೆಗೆ ನಾನಿ ಕುರ್ಚಿ ಬಿಟ್ಟೇಳಲಿಲ್ಲ. ಅತ್ತೆಯ ತೊಡೆಯ ಮೇಲೆ ಮಗುವಿಗೆ ಸೂಜಿ ಬಿತ್ತು. ಅದು ಒಮ್ಮೆ ಅತ್ತು, ಅತ್ತೆಯ ಸೀರೆ ಒದ್ದೆ ಮಾಡಿ, ನಕ್ಕಿತು.

ಅತ್ತೆ ಅಲುಗಾಡದೆ ನನಗೆ ಹೇಳಿದರು: "ಲಗೂನ ಫೋಟೊ ಹೊಡಿ ಅವ್ವಾ, ಗ್ರೂಪಿನಾಗ ಹಾಕು. ಇಲ್ಲಂದ್ರ ನಾಳಿ ನಾನೇ ನಂಬಂಗಿಲ್ಲ!"