ಮೈಮೇಲೆ ಬಂದ ಸೆಕೆ

ನಾಚಿಕೆ ಸ್ವಭಾವದವರಿಗೆ ಕಾಯಿಲೆ ಬಂದರೆ ಎರಡು ಕಷ್ಟ. ಕಾಯಿಲೆಯದು ಒಂದು, ಅದನ್ನು ಬಾಯಿಬಿಟ್ಟು ಹೇಳುವುದು ಇನ್ನೊಂದು. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡದು. ನಿಮ್ಮ ತಾತ ಬದುಕಿದ್ದಾಗ ನನಗೊಮ್ಮೆ ಹಲ್ಲುನೋವು ಬಂದಿತ್ತು. ಅದನ್ನು ಅವರಿಗೆ ಹೇಳಲು ನನಗೆ ನಾಲ್ಕು ದಿನ ಬೇಕಾಯಿತು. ಅಷ್ಟರಲ್ಲಿ ಕೆನ್ನೆಯೇ ಊದಿಕೊಂಡು ನನ್ನ ಪರವಾಗಿ ಹೇಳಿಬಿಟ್ಟಿತು. ಹಲ್ಲಿನ ವಿಷಯಕ್ಕೇ ಇಷ್ಟು ಎಂದಮೇಲೆ ಉಳಿದ ಅಂಗಾಂಗಗಳ ವಿಷಯ ಕೇಳಬೇಡಿ.

ಹರ್ಷ, ಸಿರಿ, ಇದನ್ನು ಬರೆಯಲು ಕಾರಣ ನೀವೇ. ಮೊನ್ನೆ ಊಟಕ್ಕೆ ಕೂತವರು, "ಅಜ್ಜೀ, ನಿನ್ ಮೈಮೇಲೆ ದೇವ್ರು ಬಂದಿತ್ತಂತೆ, ಹೌದಾ?" ಎಂದು ಕೇಳಿದಿರಿ. ನಾನು ಸಾರು ತರುವ ನೆಪ ಮಾಡಿಕೊಂಡು ಅಡುಗೆಮನೆಗೆ ಹೋಗಿ, ನೀವು ಕೈತೊಳೆಯುವವರೆಗೂ ಅಲ್ಲೇ ನಿಂತುಬಿಟ್ಟೆ. ಸಾರು ಅಷ್ಟು ಹೊತ್ತು ಯಾರಿಗೂ ಬೇಕಾಗುವುದಿಲ್ಲ. ಬಾಯಿಂದ ಬಾರದ್ದು ಕೈಯಿಂದಾದರೂ ಬರಲಿ ಎಂದು ಹರ್ಷನ ಹಳೆಯ ಲೆಕ್ಕದ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ.

ಹೆಂಗಸರಿಗೆ ಐವತ್ತರ ಆಸುಪಾಸಿನಲ್ಲಿ ತಿಂಗಳ ಮುಟ್ಟು ನಿಲ್ಲುತ್ತದೆ. ಇಷ್ಟು ನನಗೆ ಗೊತ್ತಿತ್ತು. ನಮ್ಮವ್ವ ಒಂದು ದಿನ, "ನಂದು ನಿಂತೋಯ್ತು ಕಣಮ್ಮಿ" ಎಂದು ಹೇಳಿ ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನು ಮುಂದುವರಿಸಿದ್ದಳು. ಹಾಗಾಗಿ ಅದು ಗೋಡೆ ಗಡಿಯಾರ ನಿಂತ ಹಾಗೆ ಸದ್ದಿಲ್ಲದೆ ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಲ್ಲುವ ಮುಂಚೆ ಅದು ಎರಡು ಮೂರು ವರ್ಷ ಮನೆಯವರನ್ನೆಲ್ಲ ಆಟ ಆಡಿಸುತ್ತದೆ ಎಂದು ಯಾರೂ ಹೇಳಲಿಲ್ಲ. ನಂಜನಗೂಡಿನ ಕಡೆಯ ನಮ್ಮೂರ ಶಾಲೆಯಲ್ಲಿ ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ವಿಜ್ಞಾನದ ಪುಸ್ತಕದಲ್ಲಿ ಈ ಪಾಠ ಬಂದಾಗ ಮೇಷ್ಟ್ರು ಕಿಟಕಿಯ ಆಚೆ ನೋಡುತ್ತಾ, "ಇದನ್ನು ಮನೇಲಿ ಓದ್ಕೊಳ್ಳಿ, ಪರೀಕ್ಷೆಗೆ ಬರಲ್ಲ" ಎಂದು ಹೇಳಿ ನಾಲ್ಕು ಹಾಳೆ ಒಟ್ಟಿಗೆ ಮಗುಚಿದರು. ನಾವು ಹುಡುಗಿಯರು ಅದನ್ನು ಮನೆಯಲ್ಲೂ ಓದಲಿಲ್ಲ. ಪರೀಕ್ಷೆಗೆ ಬಂತು. ಮೂವತ್ತೈದು ವರ್ಷ ತಡವಾಗಿ ಬಂತು, ಅಷ್ಟೇ.

ಮೊದಲು ಮುಟ್ಟು ಎರಡು ತಿಂಗಳು ತಪ್ಪಿತು, ಆಮೇಲೆ ಒಂದೇ ತಿಂಗಳಲ್ಲಿ ಎರಡು ಸಲ ಬಂತು. ಆನಂತರ ಸೆಕೆ ಶುರುವಾಯಿತು. ಅದು ಬೇಸಿಗೆಯ ಸೆಕೆಯಲ್ಲ. ಎಲ್ಲರೂ ಸ್ವೆಟರ್ ಹಾಕಿಕೊಂಡು ಕೂತಿರುವಾಗ ನನಗೊಬ್ಬಳಿಗೆ ಎದೆಯಿಂದ ಎದ್ದು, ಕತ್ತು ಹತ್ತಿ, ಕಿವಿಯವರೆಗೆ ಹೋಗಿ ನಿಲ್ಲುವ ಸೆಕೆ. ಬೆನ್ನ ಮೇಲೆ ಯಾರೋ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ. ಐದು ನಿಮಿಷಕ್ಕೆ ಅದು ಇಳಿದುಹೋಗುತ್ತದೆ, ಒದ್ದೆಯಾದ ರವಿಕೆಯಲ್ಲಿ ಚಳಿ ಹತ್ತುತ್ತದೆ. ಜೊತೆಗೆ ಮರೆವು. ಉಪ್ಪಿನ ಡಬ್ಬಿಯನ್ನು ಫ್ರಿಜ್ಜಿನಲ್ಲಿಟ್ಟು, ಬೆಣ್ಣೆಯನ್ನು ದೇವರ ಗೂಡಿನಲ್ಲಿಟ್ಟು ಕೈಮುಗಿದಿದ್ದೇನೆ. ಕೋಪವೂ ಬರುತ್ತಿತ್ತು. ಜನ್ಮದಲ್ಲಿ ಯಾರಿಗೂ ದನಿ ಏರಿಸದ ನಾನು, ಸರಿಯಾಗಿ ಹರಿಯದ ಹಾಲಿನ ಪ್ಯಾಕೆಟ್ಟಿಗೆ ಬೈದ ಮಾತುಗಳನ್ನು ಕೇಳಿ ನಿಮ್ಮ ಅಮ್ಮ ಮಂಜುಳ ಹೊರಗೆ ಓಡಿಬಂದಿದ್ದಳು. ಇದಕ್ಕೆಲ್ಲ ಕಾರಣ ಒಂದೇ, ನನ್ನ ಹೃದಯ ಕೆಟ್ಟಿದೆ ಎಂದು ನಾನು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದೆ. ನಿಮ್ಮ ತಾತನೂ ಹೃದಯ ನಿಂತೇ ಹೋದವರು. ಹೇಳಿದರೆ ಮಂಜುಳ ಹೆದರುತ್ತಾಳೆ, ಹೇಳದಿದ್ದರೆ ನಾನು ಹೆದರುತ್ತೇನೆ. ನಾನೇ ಹೆದರುವುದು ವಾಸಿ ಎನ್ನಿಸಿತು.

ಹೀಗಿರುವಾಗ ಹೋದ ವರ್ಷದ ಆಷಾಢ ಬಂತು. ಮೇಟಗಳ್ಳಿಯ ನಮ್ಮ ಬೀದಿಯ ಕೊನೆಯಲ್ಲಿ ಮಾರಮ್ಮನ ಗುಡಿ ಇದೆಯಲ್ಲ, ಆಷಾಢದ ಶುಕ್ರವಾರಗಳಲ್ಲಿ ಬೀದಿಯ ಹೆಂಗಸರೆಲ್ಲ ಅಲ್ಲಿ ಸೇರುತ್ತೇವೆ. ನಾನು ಯಾವಾಗಲೂ ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕದಲ್ಲಿ ನಿಲ್ಲುವವಳು. ಗಂಡ ಸತ್ತವಳು ಮುಂದೆ ನಿಲ್ಲಬಾರದೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಕಷ್ಟವನ್ನು ಅವರಿಗೆ ಕೊಡದೆ ನಾನೇ ಹಿಂದೆ ಹೋಗಿದ್ದೆ. ಆ ಶುಕ್ರವಾರ ಜಿಟಿಜಿಟಿ ಮಳೆ. ಹೊರಗಿದ್ದವರೆಲ್ಲ ಒಳಗೆ ನುಗ್ಗಿದರು. ಆ ನೂಕಾಟದಲ್ಲಿ ನಾನು ತಳ್ಳಿಸಿಕೊಂಡು ತಳ್ಳಿಸಿಕೊಂಡು ದೇವಿಯ ಎದುರಿಗೇ ಹೋಗಿ ನಿಂತೆ. ಶೀಟಿನ ಮಾಡು, ಸಾಂಬ್ರಾಣಿ ಹೊಗೆ, ಮೂವತ್ತು ಜನರ ಉಸಿರು. ಪೂಜಾರಪ್ಪ ಮಂಗಳಾರತಿ ಎತ್ತಿದ ಕೂಡಲೆ ನನ್ನ ಇಡ್ಲಿ ಪಾತ್ರೆಯ ಮುಚ್ಚಳವೂ ಎದ್ದಿತು.

ಮುಖ ಕೆಂಪಾಯಿತು. ಸೆರಗಿನಿಂದ ಗಾಳಿ ಹಾಕಿಕೊಂಡೆ. ಸಾಲದೆ ತಲೆ ಕೊಡವಿದೆ, ತುರುಬು ಬಿಚ್ಚಿಹೋಯಿತು. "ಉಸ್, ಉಸ್" ಎಂದು ಉಸಿರು ಬಿಡುತ್ತಾ ನಿಂತಲ್ಲೇ ತೂಗಾಡಿದೆ. ಪಕ್ಕದಲ್ಲಿ ಗೌರಮ್ಮನವರಿದ್ದರು. ನಮ್ಮ ಬೀದಿಗೆಲ್ಲ ಹಿರಿಯರು. ಹಿಂದೆ ಹನ್ನೆರಡು ವರ್ಷ ಅವರ ಮೈಮೇಲೆ ಅಮ್ಮ ಬರುತ್ತಿದ್ದಳೆಂದು ಹೆಸರು. ಅವರು ನನ್ನನ್ನು ಒಮ್ಮೆ ನೋಡಿ ಕೂಗಿದರು:

"ಬಂದ್ಬುಟ್ಳು ಕಣ್ರೇ! ಅಮ್ಮ ಬಂದ್ಬುಟ್ಳು! ಜಾಗ ಬುಡ್ರೇ, ನೀರು ತಕ್ಕೊಂಡ್ ಬನ್ನಿ!"

ಬೇವಿನ ಸೊಪ್ಪು ಹಾಕಿದ ಅರಿಶಿನದ ನೀರನ್ನು ಒಂದು ಚೊಂಬು ನನ್ನ ನೆತ್ತಿಯ ಮೇಲೆ ಸುರಿದರು. ಮಕ್ಕಳೇ, ಎಂಥ ಸುಖ! ಎರಡು ವರ್ಷದಿಂದ ನನಗೆ ಬೇಕಾಗಿದ್ದ ಔಷಧಿ ಅದೇ. "ಇನ್ನೊಂದ್ ಚೊಂಬು ಉಯ್ಯಿ" ಎಂದೆ. ನನ್ನ ದನಿ ನನಗೇ ಗುಡುಗಿದ ಹಾಗೆ ಕೇಳಿಸಿತು. ಗುಡಿಯಲ್ಲಿದ್ದವರೆಲ್ಲ ಕೈಮುಗಿದರು.

ಆಗ ಎದುರುಮನೆಯ ಪುಟ್ಟಲಕ್ಷ್ಮಿ ಮುಂದೆ ಬಂದಳು. ಅವಳ ಮಗಳು ಸಹನಾಗೆ ಒಂದು ಸಂಬಂಧ ಬಂದಿತ್ತು. ಇಲ್ಲೇ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಕೆಲಸದ ಹುಡುಗ. ತಟ್ಟೆಯಲ್ಲಿ ಹುಡುಗನ ಫೋಟೋ, ಎಲೆ ಅಡಿಕೆ, ನಡುವೆ ಧಗಧಗ ಉರಿಯುವ ಕರ್ಪೂರ. ಅದನ್ನು ತಂದು ನನ್ನ ಗದ್ದದ ಕೆಳಗೇ ಹಿಡಿದು, "ಈ ಸಂಬಂಧ ನಿನಗೆ ಒಪ್ಪಿಗೆನಾ ತಾಯಿ?" ಎಂದಳು. ಬೆಂದವಳ ಮುಖಕ್ಕೆ ಬೆಂಕಿ ಹಿಡಿದರೆ ಯಾರು ಸುಮ್ಮನಿರುತ್ತಾರೆ? ಎರಡೂ ಕೈಯಲ್ಲಿ ತಟ್ಟೆಯನ್ನು ತಳ್ಳಿಬಿಟ್ಟೆ. ಫೋಟೋ ಹಾರಿ ಅರಿಶಿನದ ನೀರಿನಲ್ಲಿ ಬೋರಲು ಬಿತ್ತು. ಅಷ್ಟರಲ್ಲಿ ನನ್ನ ಸೆಕೆ ಇಳಿದು ಹಲ್ಲು ಕಟಕಟ ಎನ್ನತೊಡಗಿತ್ತು.

ಆಗಲೇ ನಿಜ ಹೇಳಬಹುದಿತ್ತು. ಪೂಜಾರಪ್ಪ ಗಂಡಸು, ಅವರ ಮುಂದೆ ಹೇಗೆ ಹೇಳಲಿ ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ನಿಮ್ಮ ಮುಂದೆ ಮುಚ್ಚಿಡುವುದಿಲ್ಲ. ನನ್ನನ್ನು ಮಣೆಯ ಮೇಲೆ ಕೂರಿಸಿ, ತಲೆ ಒರೆಸಿ, ಎಲ್ಲರಿಗಿಂತ ಮೊದಲು ಬಿಸಿ ಕಾಫಿ ಕೊಟ್ಟರು. ನಿಮ್ಮ ತಾತ ಹೋಗಿ ಒಂಬತ್ತು ವರ್ಷವಾಗಿತ್ತು. ಒಂಬತ್ತು ವರ್ಷದಲ್ಲಿ ನನಗೆ ಯಾರೂ ಯಾವುದನ್ನೂ ಮೊದಲು ಕೊಟ್ಟಿರಲಿಲ್ಲ. ಕುಡಿದೆ. ಚೆನ್ನಾಗಿತ್ತು.

ಮಂಜುಳ ಸುದ್ದಿ ಕೇಳಿ ಕೈಮುಗಿಯಲಿಲ್ಲ, ಹಣೆ ಮುಟ್ಟಿ ನೋಡಿದಳು. ಮರುದಿನವೇ ಲೇಡಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ಕೇಳಿದ್ದಕ್ಕೆಲ್ಲ ನಾನು ತಲೆ ತಗ್ಗಿಸಿ ಟೇಬಲ್ಲಿನ ಗಾಜಿಗೆ ಉತ್ತರ ಹೇಳಿದೆ. ಬಿಪಿ ನೋಡಿದರು, ಇಸಿಜಿ ಮಾಡಿಸಿದರು, ರಕ್ತ ಪರೀಕ್ಷೆ ಮಾಡಿಸಿದರು. ಕೊನೆಗೆ ಡಾಕ್ಟರು ನಕ್ಕು, "ಹೃದಯ ಗಟ್ಟಿಯಾಗಿದೆಯಮ್ಮ. ಇದು ಮುಟ್ಟು ನಿಲ್ಲೋ ಕಾಲ. ಸೆಕೆ, ಮರೆವು, ಕೋಪ ಎಲ್ಲ ಅದರದ್ದೇ. ಹತ್ತಿ ಬಟ್ಟೆ ಉಡಿ, ಕಾಫಿ ಕಮ್ಮಿ ಮಾಡಿ, ದಿನಾ ನಡೀರಿ. ಪೂರ್ತಿ ನಿಂತು ವರ್ಷ ಆದಮೇಲೆ ಮತ್ತೆ ಕಾಣಿಸಿಕೊಂಡರೆ ಮಾತ್ರ ತಡ ಮಾಡದೆ ಬನ್ನಿ. ಇಷ್ಟು ದಿನ ಯಾಕೆ ಬರಲಿಲ್ಲ?" ಎಂದರು. ನಾನು ಅಲ್ಲೇ ಅತ್ತುಬಿಟ್ಟೆ. ಸಾಯುವುದಕ್ಕೆ ಅಷ್ಟೊಂದು ಸಿದ್ಧತೆ ಮಾಡಿಕೊಂಡಿದ್ದೆನಲ್ಲ! ಒಳ್ಳೆಯ ಸೀರೆಗಳಲ್ಲಿ ಯಾವುದು ಯಾರಿಗೆ ಎಂದು ಚೀಟಿ ಕೂಡ ಬರೆದಿಟ್ಟಿದ್ದೆ. ಮನೆಗೆ ಬಂದವಳೇ ಅದನ್ನು ಹರಿದು, ಒಳ್ಳೆಯದರಲ್ಲೇ ಒಂದನ್ನು ಉಟ್ಟುಕೊಂಡೆ.

ಆ ಸಂತೋಷ ಸಂಜೆಯವರೆಗೆ ಇತ್ತು. ಸಂಜೆ ಸಹನಾ ಬಂದಳು, ಕಣ್ಣು ಊದಿತ್ತು.

"ದೊಡ್ಡಮ್ಮ, ನಮ್ಮಮ್ಮ ಆ ಸಂಬಂಧ ಬ್ಯಾಡ ಅಂತಾವ್ಳೆ. ಮಾರಮ್ಮನೇ ಫೋಟೋ ನೀರಿಗೆ ಎಸೆದ್ಮೇಲೆ ಎಂಗೆ ಮಾಡದು ಅಂತ. ಮುಂದಿನ ವಾರ ಅವ್ರ ಮನೆಗೆ ಹೇಳ್ಕಳಿಸ್ತಾಳಂತೆ."

"ನಿನಗೆ ಆ ಹುಡುಗ ಇಷ್ಟಾನಾ?"

"ಇಷ್ಟ ಇಲ್ದೆ ಇದ್ರೆ ಇಲ್ಲಿ ಬಂದು ಅಳ್ತಿದ್ನಾ?" ಎಂದು ಮೂಗು ಒರೆಸಿಕೊಂಡು, "ನೀವೊಂದ್ ಕೆಲ್ಸ ಮಾಡಿ ದೊಡ್ಡಮ್ಮ. ಈ ಶುಕ್ರವಾರ ಇನ್ನೊಂದ್ಸಲ ಮೈಮೇಲೆ ಬರುಸ್ಕೊಂಡು ಹೂಂ ಅಂದ್ಬುಡಿ" ಎಂದಳು.

ನನಗೆ ಈ ಉಪಾಯ ಬಹಳ ಹಿಡಿಸಿತು. ನಾಚಿಕೆಯವರಿಗೆ ನಿಜಕ್ಕಿಂತ ಇಂಥದ್ದೇ ಸುಲಭ. ಇದರಲ್ಲಿ ಆ ಮಾತು ಆಡಬೇಕಾಗಿಲ್ಲ. ದಿನಕ್ಕೆ ಹತ್ತು ಸಲ ಬರುವ ಸೆಕೆ ಶುಕ್ರವಾರ ಬೆಳಿಗ್ಗೆ ಒಂದು ಸಲ ಬಂದರೆ ಸಾಕು. ಯಾವುದಕ್ಕೂ ಇರಲಿ ಎಂದು ಡಾಕ್ಟರ ಮಾತು ಮೀರಿ ಎರಡು ಲೋಟ ಕಾಫಿ ಕುಡಿದೆ, ಮೆಣಸಿನಕಾಯಿ ಬಜ್ಜಿ ತಿಂದೆ, ರೇಷ್ಮೆ ಸೀರೆಯ ಮೇಲೆ ನಿಮ್ಮಪ್ಪನ ಸ್ವೆಟರ್ ಹಾಕಿಕೊಂಡು ಗುಡಿಗೆ ಹೋದೆ. ಜನ ದಾರಿ ಬಿಟ್ಟರು. ಚೊಂಬು ತುಂಬಿ ಇಟ್ಟಿದ್ದರು. ಪುಟ್ಟಲಕ್ಷ್ಮಿ ಒಣಗಿಸಿದ ಫೋಟೋ ಹಿಡಿದು ಎದುರಿಗೇ ನಿಂತಿದ್ದಳು. ಅಮ್ಮನನ್ನು ಕೊನೆಯ ಸಲ ಕೇಳಿಬಿಡುತ್ತೇನೆ, ಸಂಜೆಗೆ ಗಂಡಿನ ಮನೆಗೆ ಫೋನ್ ಮಾಡುತ್ತೇನೆ ಎಂದು ಎಲ್ಲರಿಗೂ ಹೇಳಿದ್ದಳಂತೆ.

ಮಂಗಳಾರತಿ ಆಯಿತು. ನನಗೆ ಏನೂ ಆಗಲಿಲ್ಲ. ಮೈ ಮಣ್ಣಿನ ಮಡಕೆಯ ಹಾಗೆ ತಣ್ಣಗಿತ್ತು. ಎರಡು ವರ್ಷದಲ್ಲಿ ಮೊದಲ ಸಲ ನನ್ನ ಮೈ ಹೇಳಿದ ಮಾತು ಕೇಳುವ ಮಗುವಿನಂತೆ ಸುಮ್ಮನೆ ಕೂತಿತ್ತು. ಸುಳ್ಳುಸುಳ್ಳೇ ತೂಗಾಡೋಣವೆಂದರೆ ಮೂವತ್ತು ಜನ ನೋಡುತ್ತಿರುವಾಗ ಕಾಲು ಏಳಲಿಲ್ಲ. ಬಜ್ಜಿ ಮಾತ್ರ ಹೊಟ್ಟೆಯಲ್ಲಿ ಗುಡುಗುಡು ಎನ್ನುತ್ತಿತ್ತು.

"ಇವತ್ತು ಅಮ್ಮ ತಡ ಮಾಡ್ತಾವ್ಳೆ" ಎಂದರು ಗೌರಮ್ಮನವರು.

ಸಹನಾ ಕಂಬದ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದಳು. ಪುಟ್ಟಲಕ್ಷ್ಮಿ ನಿಟ್ಟುಸಿರು ಬಿಟ್ಟು ಫೋಟೋವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಡಲು ತಿರುಗಿದಳು. ಇನ್ನು ನನ್ನ ನಾಚಿಕೆಗೆ ಆ ಹುಡುಗಿಯ ಮದುವೆ ಬಲಿ ಎನ್ನುವಾಗ ನನ್ನ ಬಾಯಿ ತಾನಾಗಿ ತೆರೆಯಿತು.

"ಪುಟ್ಟಲಕ್ಷ್ಮೀ, ನಿಂತ್ಕೊ. ಅವತ್ತು ಬಂದಿದ್ದು ಅಮ್ಮ ಅಲ್ಲ ಕಣೇ. ನನಗೆ ಮುಟ್ಟು ನಿಲ್ತಾ ಅದೆ. ಅದರ ಸೆಕೆ. ಡಾಕ್ಟ್ರು ಹೇಳವ್ರೆ. ಕರ್ಪೂರ ಮುಖಕ್ಕೆ ಹಿಡಿದೆ, ತಳ್ಳಿದೆ. ಆ ಹುಡುಗನ ಮುಖಾನೂ ನಾನು ನೋಡಲಿಲ್ಲ."

ಪೂಜಾರಪ್ಪನವರಿಗೆ ಇದ್ದಕ್ಕಿದ್ದಂತೆ ದೀಪದ ಬತ್ತಿಯಲ್ಲಿ ಬಹಳ ಕೆಲಸ ಬಂತು. ನಾನು ಭೂಮಿ ಬಾಯಿಬಿಡಲಿ ಎಂದು ಕಾಯುತ್ತಿದ್ದೆ. ಅದರ ಬದಲು ಹಿಂದಿನಿಂದ ಟೈಲರ್ ಭಾಗ್ಯ ಬಾಯಿಬಿಟ್ಟಳು.

"ಅಯ್ಯೋ, ನಂಗೂ ಅಂಗೇ ಆಯ್ತದೆ ಕಣಕ್ಕ! ನಾನು ಮಿಷನ್ ಮೋಟ್ರು ಸೆಕೆ ಅಂದ್ಕೊಂಡಿದ್ದೆ."

"ನಾನು ನಮ್ಮತ್ತೆ ಮಾಟ ಮಾಡ್ಸವ್ಳೆ ಅಂದ್ಕೊಂಡಿದ್ದೆ" ಎಂದಳು ಇನ್ನೊಬ್ಬಳು. ಅವಳ ಅತ್ತೆ ಪಕ್ಕದಲ್ಲೇ ನಿಂತಿದ್ದರು.

ಆಮೇಲೆ ಯಾರ ಮಾತು ಯಾರಿಗೂ ಕೇಳಿಸಲಿಲ್ಲ. ಒಬ್ಬಳಿಗೆ ಎದೆ ಢವಢವ, ಒಬ್ಬಳಿಗೆ ಮಂಡಿ ನೋವು, ಇನ್ನೊಬ್ಬಳು ಗಂಡ ಉಸಿರಾಡಿದರೂ ಸಿಟ್ಟು ಬರುತ್ತದೆ ಎಂದಳು. ಆ ಗದ್ದಲದ ನಡುವೆ ಗೌರಮ್ಮನವರು ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು:

"ಅಂಗಾರೆ ನಂಗೆ ಹನ್ನೆರಡು ವರ್ಸ ಬತ್ತಿದ್ದಿದ್ದು?"

"ಅದು ಅಮ್ಮನೇ ಕಣಕ್ಕ" ಎಂದೆ ತಕ್ಷಣ. ಒಂದೇ ದಿನ ಎರಡು ನಿಜ ಹೇಳುವಷ್ಟು ಧೈರ್ಯ ನನ್ನಲ್ಲಿರಲಿಲ್ಲ.

ಪುಟ್ಟಲಕ್ಷ್ಮಿ ಫೋಟೋ ಹೊರತೆಗೆದು, ಸೆರಗಿನಿಂದ ಒರೆಸಿ, "ಈಗಾದ್ರೂ ಸರಿಯಾಗಿ ನೋಡಕ್ಕ, ಎಂಗವ್ನೆ?" ಎಂದು ನನ್ನ ಕೈಗೆ ಕೊಟ್ಟಳು. ಅರಿಶಿನದ ನೀರಿನಿಂದ ಹುಡುಗನ ಮುಖ ಸ್ವಲ್ಪ ಹಳದಿಯಾಗಿತ್ತು. ಒಳ್ಳೆಯವನ ಹಾಗೆಯೇ ಕಾಣುತ್ತಿದ್ದ. ಹಾಗೆಂದು ಹೇಳಿದೆ. ಕಾರ್ತಿಕಕ್ಕೆ ಮದುವೆ ಗೊತ್ತಾಯಿತು.

ಮದುವೆಯ ದಿನ ನೀವು ನಾಲ್ವರೂ ಸ್ಕೂಟರಿನಲ್ಲಿ ಮುಂದೆ ಹೋದಿರಿ, ನಾನು ಸಿಟಿ ಬಸ್ಸಿನಲ್ಲಿ ಬಂದೆ. ಬಸ್ಸಿನಲ್ಲಿ ಸೆಕೆ ಎದ್ದಿತು. ಕಿಟಕಿ ಬಿಗಿದುಕೊಂಡಿತ್ತು. "ಕಿಟಕಿ ಸ್ವಲ್ಪ ತೆಗೆದುಕೊಡಿಯಪ್ಪ" ಎಂದಷ್ಟೇ ಹೇಳಿದ್ದರೆ ಸಾಕಿತ್ತು. ಆದರೆ ಒಮ್ಮೆ ತೆರೆದ ನನ್ನ ಬಾಯಿ ಈಗ ನಿಮ್ಮಿಬ್ಬರ ಎದುರು ಬಿಟ್ಟರೆ ಬೇರೆ ಎಲ್ಲೂ ಬೇಗ ಮುಚ್ಚುವುದಿಲ್ಲ. ಕಂಡಕ್ಟರಿಗೆ ಕಾರಣವನ್ನೂ ಹೇಳಿದೆ. ಅವರು ಕಿಟಕಿ ಎಳೆದುಕೊಟ್ಟು, ಅಲ್ಲೇ ನಿಂತು, "ನಮ್ಮನೆಯವ್ರಿಗೂ ಇಂಗೇ ಆಗ್ತಾ ಅದೆ ಕಣಮ್ಮ. ಸುಮ್‌ಸುಮ್ನೆ ಅಳ್ತಾಳೆ. ಯಾರನ್ ಕೇಳ್ಬೇಕು ಗೊತ್ತಾಗ್ನಿಲ್ಲ" ಎಂದರು. ಡಾಕ್ಟರು ಕೂರುವ ಜಾಗ, ಉಡಬೇಕಾದ ಸೀರೆ, ಬಿಡಬೇಕಾದ ಕಾಫಿ ಎಲ್ಲವನ್ನೂ ವಿವರಿಸಿ ತಲೆ ಎತ್ತಿದರೆ, ಛತ್ರದ ಸ್ಟಾಪು ಹಿಂದೆ ಹೋಗಿ ಬಹಳ ಹೊತ್ತಾಗಿತ್ತು.

ವಾಪಸು ನಡೆದು ಛತ್ರ ಸೇರುವಾಗ ಧಾರೆ ಮುಗಿದು ಊಟದ ಪಂಕ್ತಿ ಕೂತಿತ್ತು. ಪುಟ್ಟಲಕ್ಷ್ಮಿ ಗಂಡಿನ ಕಡೆಯವರಿಗೆ ಬಡಿಸುತ್ತಿದ್ದವಳು ನನ್ನನ್ನು ನೋಡಿ ದೂರದಿಂದಲೇ ಕೂಗಿದಳು:

"ಎಲ್ಲೋಗಿದ್ದೆ ಅಕ್ಕ ಇಷ್ಟೊತ್ತು? ನೀನೇ ಇಲ್ದೆ ಧಾರೆ ಆಗೋಯ್ತು!"

"ಬಸ್ಸಲ್ಲಿ ಕಂಡಕ್ಟರಿಗೆ ನನ್ನ ಮುಟ್ಟು ನಿಂತ ವಿಷಯ ಹೇಳ್ತಾ ಇದ್ದೆ ಕಣೇ" ಎಂದೆ, ಅಷ್ಟೇ ಜೋರಾಗಿ.

ಬೀಗರು ತಲೆ ಎತ್ತಲಿಲ್ಲ. ಎಲೆಯ ತುದಿಯಲ್ಲಿದ್ದ ಉಪ್ಪಿನಕಾಯಿಯನ್ನೇ ಬಹಳ ಹೊತ್ತು ನೋಡುತ್ತಾ ಕೂತರು.