ನನ್ನ ಕುಂಕುಮ ನುಂಗಿದ ಟಿವಿ ಯಂತ್ರದವರಿಗೆ

ಮಾನ್ಯ ಯಂತ್ರದವರೇ,

ಪುಣೆಯ ಖಡಕಿಯಿಂದ ಶೀತಲ್ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಅಕ್ಷರ ವಾಲಿದ್ದರೆ, ಕಾಗುಣಿತ ತಪ್ಪಿದ್ದರೆ ಕ್ಷಮಿಸಬೇಕು. ತಮ್ಮ ಗಾಜಿನ ಮೇಲೆ ಮನುಷ್ಯರೇ ವಾಲುವುದರಿಂದ ತಾವು ಇದನ್ನು ದೊಡ್ಡದು ಮಾಡಲಾರಿರೆಂದು ನಂಬಿದ್ದೇನೆ. ಎದುರು ನಿಂತು ಹೇಳಲು ನಾಚಿಕೆಯಾಗಿ ಬರೆಯುತ್ತಿದ್ದೇನೆ.

ನೂರು ವರ್ಷದ ಹಿಂದೆ ಟಿವಿಯನ್ನು ಜನರಿಗೆ ಮೊದಲು ತೋರಿಸಿದ ಬಗೆಯನ್ನೇ ಈಗ ಮತ್ತೆ ತೋರಿಸುತ್ತಾರೆಂದು ಶನಿವಾರ ನಮ್ಮ ಮಾವ ಮಲಕಪ್ಪನವರು ಮನೆಮಂದಿಯನ್ನೆಲ್ಲ ಶಾಲೆಯ ಸಭಾಗೃಹಕ್ಕೆ ಕರೆತಂದರು. ತೂತುಗಳ ತಟ್ಟೆಯನ್ನು ಗರಗರ ತಿರುಗಿಸುತ್ತ, ಒಂದು ಕೋಣೆಯಲ್ಲಿ ಕುಳಿತವರ ಮುಖವನ್ನು ಪಕ್ಕದ ಕೋಣೆಯ ಅಂಗೈಯಗಲದ ಗಾಜಿನ ಮೇಲೆ ಮೂಡಿಸುವ ತಮ್ಮ ಚಾತುರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಯಾರೂ ಮುಂದೆ ಬಾರದ್ದರಿಂದ ಮಾವ ನನ್ನನ್ನೇ ದೀಪದ ಮುಂದೆ ಕೂರಿಸಿದರು. ನನ್ನ ಮೂಗನ್ನು ಕೆನ್ನೆಗೆ ಸರಿಸಿದಿರಿ, ತಕರಾರಿಲ್ಲ. ಕಿವಿಯೊಂದನ್ನು ಇಟ್ಟುಕೊಂಡಿರಿ, ತಮ್ಮ ಬಳಿಯೇ ಇರಲಿ. ಆದರೆ ಹಣೆಯ ಕುಂಕುಮವನ್ನು ಒರೆಸಿದ್ದೇಕೆ?

ಗಾಜಿನ ಮುಂದೆ ನಮ್ಮ ಅತ್ತೆ ರುದ್ರವ್ವನವರಿದ್ದರು. "ಯವ್ವಾ, ಸೊಸಿ ಹಣಿ ಬರಿದಾಗ್ಯದಲ್ಲೋ! ನನ್ನ ಮಗಗ ಏನ್ ಕಾದದೋ!" ಎಂದು ಕೂಗಿದ್ದು ನನ್ನ ಕೋಣೆಗೂ ಕೇಳಿಸಿತು. ಆ ಮಗ, ಅಂದರೆ ನಮ್ಮ ಮನೆಯವರು (ಹೆಸರು ಬಾಯಲ್ಲಿ ಹೇಳಲಾರೆ, ಬರೆದರೆ ಅಡ್ಡಿಯಿಲ್ಲ: ಮಾಂತು), ಅವರ ಪಕ್ಕದಲ್ಲೇ ನಿಂತು ಶೇಂಗಾ ತಿನ್ನುತ್ತಿದ್ದರು. ವರ್ಷವಿಡೀ ಅಲೆದ ಮೇಲೆ ತಳೇಗಾಂವದ ಕಾರ್ಖಾನೆಯಲ್ಲಿ ಸಿಕ್ಕ ಕೆಲಸಕ್ಕೆ ಅವರು ಸೋಮವಾರ ಹಾಜರಾಗಬೇಕಿತ್ತು. "ಮಾಂತ್ಯಾ, ಸೋಮವಾರ ನೀ ಹೊಸ್ತಲಾ ದಾಟೂದಿಲ್ಲ, ಮನ್ಯಾಗ ಕುಂದ್ರು" ಎಂದು ಅತ್ತೆ ತೀರ್ಪು ಕೊಟ್ಟರು. ಒಂದು ಗಳಿಗೆಯಲ್ಲಿ ನಮ್ಮ ಅನ್ನಕ್ಕೆ ಕಲ್ಲು ಹಾಕಿದ ತಮ್ಮ ವೇಗ ನಿಜಕ್ಕೂ ಮೆಚ್ಚತಕ್ಕದ್ದು.

ತಮ್ಮನ್ನು ನಡೆಸುವ ಋಷಿಕೇಶ ಅವರು, ಯಂತ್ರಕ್ಕೆ ಕೆಂಪು ಬೆಳ್ಳಗೆ ಕಾಣುತ್ತದೆ, ಅದಕ್ಕೇ ಕುಂಕುಮ ಚರ್ಮದಲ್ಲಿ ಬೆರೆತುಹೋಗಿದೆ ಎಂದು ಮರಾಠಿಯಲ್ಲಿ ತಿಳಿಹೇಳಿದರು. "ಅಪಶಕುನಕ್ಕ ಮರಾಠಿ ತಿಳಿತದೇನು?" ಎಂದರು ಅತ್ತೆ.

ಆಗ ನಾನು ಗಾಜಿನ ಕೋಣೆಗೆ ಹೋಗಿ, ಮದುವೆಯಾದ ಮೇಲೆ ಮೊದಲ ಸಲ, ಅತ್ತೆಯವರ ಕೈಹಿಡಿದು ಕರೆತಂದು, "ಒಮ್ಮೆ ನೀವೂ ಕುಂದರ್ರಿ ಅತ್ತಿ" ಎಂದು ದೀಪದ ಮುಂದೆ ಕೂರಿಸಿಬಿಟ್ಟೆ. ರೂಪಾಯಿಯಗಲದ ಅವರ ಕುಂಕುಮವೂ ಗಾಜಿನಲ್ಲಿ ಮಾಯ! ಪಕ್ಕದ ಕೋಣೆಯಲ್ಲಿ ಮಗನ ಶೇಂಗಾಕ್ಕೆ ತಾವೂ ಕೈಹಾಕಿದ್ದ ಮಾವ ಕೂಗಿದರು: "ಏ ರುದ್ರವ್ವಾ, ನನ್ನೂ ಕಳಿಸಿಬಿಟ್ಟಿ ನೋಡು! ಬಾ ಇಲ್ಲೆ, ಹೆಣಾ ಶೇಂಗಾ ತಿನ್ನಲಿಕತ್ತದ!" ಅತ್ತೆ ಎದ್ದು ಓಡಿಹೋಗಿ, ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ರಟ್ಟೆ ಹಿಡಿದು ಅಲುಗಿಸಿ, "ಗಟ್ಟಿ ಅದಾರ. ಈ ಡಬ್ಬಿಗೇ ಕಣ್ಣಿಲ್ಲ. ಮಾಂತ್ಯಾ, ಸೋಮವಾರ ಹೋಗಪಾ" ಎಂದರು.

ಆದಕಾರಣ ತಮ್ಮಲ್ಲಿ ವಿನಂತಿ: ತಾವು ಕಣ್ಣಿನ ತಪಾಸಣೆ ಮಾಡಿಸಿಕೊಳ್ಳಬೇಕು, ಒಂದು ಶುಕ್ರವಾರ ನಮ್ಮ ಮನೆಗೆ ದಯಮಾಡಿಸಿ, ಅತ್ತೆಯವರಿಂದ ಅರಿಸಿನ ಕುಂಕುಮ ಇಡಿಸಿಕೊಂಡು, ಕೆಂಪು ಎಂದರೇನೆಂದು ಕಲಿಯಬೇಕು, ಹಾಗೆಯೇ ಗಾಳಿಸುದ್ದಿ ಕೇಳಿ ಸಂತಾಪ ಹೇಳಲು ಬಂದಿದ್ದ ನೆರೆಮನೆಯ ಸರೋಜಮ್ಮನವರಿಗೆ, ನಮ್ಮ ಮನೆಯ ಗಂಡಸರಿಬ್ಬರೂ ಬದುಕಿದ್ದಾರೆಂದು ಖುದ್ದಾಗಿ ತಿಳಿಸಬೇಕು.

ಹಣೆ ತುಂಬಿಯೇ ಇರುವ ತಮ್ಮ ವಿಶ್ವಾಸಿ,
ಶೀತಲ್

ತಾ.ಕ.: ಇಂದು ಸೋಮವಾರ. ಅತ್ತೆಯೇ ಮಗನ ಅಂಗೈಗೆ ಮೊಸರು ಸಕ್ಕರೆ ಹಾಕಿ ತಳೇಗಾಂವಕ್ಕೆ ಕಳಿಸಿದರು. ಮಾವನವರು ಮಾತ್ರ, ಬಾಜಾರಕ್ಕೆ ಹೋಗಿ ಬನ್ನಿ ಎಂದರೆ, "ಸತ್ತಾಂವ ಕೊತಂಬರಿ ತರ್ತಾನೇನವಾ?" ಎಂದು ಕುರ್ಚಿ ಬಿಟ್ಟೇಳುತ್ತಿಲ್ಲ. ಕೊಂದವರು ತಾವು, ನಾಳೆಯಿಂದ ಕೊತ್ತಂಬರಿ ತರುವ ಹೊಣೆಯೂ ತಮ್ಮದೇ. ಇವತ್ತಿನದನ್ನು ಬೆಳಿಗ್ಗೆ ನಾನೇ ಹೋಗಿ ತಂದೆ.