ಜ್ವಾಲಾಮುಖಿಯ ಉಗಿಯಲ್ಲಿ ನನ್ನ ಇಡ್ಲಿ

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನಂಥವನಿಗೆ ಓದಿದವರನ್ನು ಕಂಡಾಗ ಎರಡು ಆಸೆಗಳು ಒಟ್ಟಿಗೇ ಹುಟ್ಟುತ್ತವೆ. ಒಂದು, ಅವರಿಗೆ ಕೈ ಮುಗಿಯಬೇಕು. ಇನ್ನೊಂದು, ಅವರು ಯಾವುದಾದರೂ ಸಣ್ಣ ವಿಷಯದಲ್ಲಿ ತಪ್ಪುವುದನ್ನು ಕಣ್ಣಾರೆ ನೋಡಬೇಕು. ಜಪಾನಿನ ನಗೋಯಾದಲ್ಲಿ ನಾನು ಹೋಟೆಲಿನ ಅಡುಗೆಯವನು. ಕಾರು ಕಂಪನಿಯ ನಮ್ಮ ಇಂಜಿನಿಯರುಗಳು ಭಾನುವಾರ ಬಂದು ಇಡ್ಲಿ ತಿನ್ನುವಾಗ, "ಎಷ್ಟು ನಿಮಿಷ ಬೇಯಿಸ್ತೀರ ಮಂಜಣ್ಣ?" ಎಂದು ಕೇಳುತ್ತಾರೆ. ನನ್ನ ಅಡುಗೆಮನೆಯಲ್ಲಿ ಗಡಿಯಾರವಿಲ್ಲ ಸಾರ್, ಬೆಂದದ್ದು ಮೂಗಿಗೆ ಗೊತ್ತಾಗುತ್ತೆ ಎಂದು ನಾನು ಹೇಳುತ್ತೇನೆ. ಅವರು ತಲೆದೂಗುತ್ತಾರೆ. ಆ ತಲೆದೂಗುವಿಕೆಯಿಂದ ನನಗೆ ಒಂದು ವಾರ ಹೊಟ್ಟೆ ತುಂಬಿರುತ್ತದೆ.

ಮಗಳು ಮೇಘನಾ ಇಲ್ಲಿನ ಶಾಲೆಯಲ್ಲಿ ಐದನೇ ಕ್ಲಾಸು. ಬೇಸಿಗೆ ರಜೆಯಲ್ಲಿ ಮಕ್ಕಳು ತಮಗೆ ಬೇಕಾದ ಪ್ರಶ್ನೆ ಹಿಡಿದು ಪ್ರಯೋಗ ಮಾಡಿ ಬರೆದು ತರಬೇಕು. ಜ್ವಾಲಾಮುಖಿಯ ಉಗಿಯಲ್ಲಿ ಇಡ್ಲಿ ಬೇಯುತ್ತದೆಯೇ ಎಂಬುದು ಇವಳ ಪ್ರಶ್ನೆ. ಅವಳ ಪುಸ್ತಕಗಳಲ್ಲಿ ನನಗೆ ಓದಲು ಬರುವ ಪುಟ ಒಂದೂ ಇಲ್ಲ. ಈ ಒಂದು ಪುಟದಲ್ಲಾದರೂ ಅಪ್ಪ ಮೇಷ್ಟ್ರಾಗಿರಬೇಕು ಎಂದು ಮನಸ್ಸಿನಲ್ಲೇ ಸಂಕಲ್ಪ ಮಾಡಿ, ಹಿಟ್ಟಿನ ಡಬ್ಬಿಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಹೆಂಡತಿ, ಮಗಳ ಜೊತೆ ರೈಲು ಹತ್ತಿ ಕ್ಯೂಶೂ ದ್ವೀಪಕ್ಕೆ ಹೊರಟೆ. ರಾತ್ರಿ ಹೋಟೆಲಿನ ಕಪಾಟಿನಲ್ಲಿ ಹಿಟ್ಟು ಚೆನ್ನಾಗಿ ಉಬ್ಬಿತು. ನಾನೂ ಅಷ್ಟೇ ಉಬ್ಬಿದ್ದೆ.

ಬೆಳಿಗ್ಗೆ ನೋಡಿದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ನೆತ್ತಿಯಲ್ಲಿ ಹೊಗೆ ಹೊತ್ತ ಬೆಟ್ಟ. ಎಂದೋ ಬೆಟ್ಟದಿಂದ ಹರಿದ ಬೆಂಕಿ ದಡದಲ್ಲಿ ಕಪ್ಪು ಬಂಡೆಯಾಗಿ ನಿಂತಿತ್ತು, ಸೀದ ಹಾಲು ಪಾತ್ರೆಯ ಅಂಚಿಗೆ ಹಿಡಿದಂತೆ. ಚರಂಡಿಯಿಂದಲೂ ಉಗಿ ಏಳುತ್ತಿತ್ತು. ಇಲ್ಲಿಯವರು ಈ ಉಗಿಗುಂಡಿಗಳನ್ನು ನರಕ ಎಂದೇ ಕರೆಯುತ್ತಾರೆ. ಅವುಗಳ ಮೇಲೆ ಕಲ್ಲಿನ ತೊಟ್ಟಿ ಕಟ್ಟಿ, ಮುಚ್ಚಳ ಇಟ್ಟು, ಬಂದವರಿಗೆ ಅಡುಗೆಗೆ ಬಿಟ್ಟುಕೊಡುತ್ತಾರೆ. ಅಲ್ಲಿನ ಮೇಲ್ವಿಚಾರಕಿ ಮೋರಿ ಸಾನ್ ಎಂಬ ಅಜ್ಜಿ ಇಡ್ಲಿ ತಟ್ಟೆಯನ್ನು ತಿರುಗಿಸಿ ನೋಡಿ, ಬಗ್ಗಿ, ನನ್ನತ್ತ ಒಂದು ಟೈಮರ್ ಚಾಚಿದರು.

"ಹನ್ನೆರಡು ನಿಮಿಷ ಸಾಕಂತೆ ಅಪ್ಪ," ಎಂದಳು ಮೇಘನಾ.

"ಬೇಡ ಅನ್ನು. ನಂಗೆ ಮೂಗಿದೆ."

"ಟೈಮ್ ಕಾಲಮ್‌ನಲ್ಲಿ ಏನ್ ಬರೀಲಿ?"

"ಮೂಗು ಅಂತ ಬರಿ."

"ಮೂಗು ನಂಬರ್ ಅಲ್ಲ ಅಪ್ಪ."

ಹೆಂಡತಿ ಶಾಂತಾ ಅಜ್ಜಿಯ ಕಡೆ ತಿರುಗಿ ಅಚ್ಚ ಕನ್ನಡದಲ್ಲೇ, "ಈ ಮೂಗಿನ ಜೊತೆ ಹದಿನೈದು ವರ್ಷ ಬಾಳ್ವೆ ಮಾಡಿದೀನಿ, ಆ ಟೈಮರ್ ನಂಗೆ ಕೊಡಿ" ಎಂದಳು. ಮೋರಿ ಸಾನ್‌ಗೆ ಅದು ಪೂರ್ತಿ ಅರ್ಥವಾಯಿತು. ಶಾಂತಾ ಒಂದು ತಟ್ಟೆಯನ್ನು ಪಕ್ಕದ ತೊಟ್ಟಿಗಿಟ್ಟಳು.

ನಾನು ನನ್ನ ತಟ್ಟೆ ಇಟ್ಟು ಮೂಗೆತ್ತಿ ಕೂತೆ. ಆ ಊರಿಗೆ ಊರೇ ಗಂಧಕದ ನಾತ, ಕೊಳೆತ ಮೊಟ್ಟೆಯನ್ನು ಮೂಗಿಗೇ ಒಡೆದಂತೆ. ಅದರ ನಡುವೆ ನನ್ನ ಇಡ್ಲಿಯ ಪರಿಮಳ ಎಲ್ಲಿಂದ ಬರಬೇಕು? ಪಕ್ಕದಲ್ಲಿ ಟೈಮರ್ ಕೂಗಿತು. ಶಾಂತಾ ತೆಗೆದ ಇಡ್ಲಿ ಮಲ್ಲಿಗೆಯಂತಿತ್ತು. ಆಗಲೇ ನಾನೂ ತೆಗೆಯಬಹುದಿತ್ತು. ಆದರೆ ಟೈಮರ್ ಕೂಗಿದಾಗ ಏಳುವುದೆಂದರೆ ಅದರ ಮಾತು ಕೇಳಿದಂತಲ್ಲವೇ? ಇನ್ನೂ ಕೂತೆ.

ಕೊನೆಗೆ ತೆಗೆದದ್ದು ಹಳದಿಗೆ ತಿರುಗಿತ್ತು. ಒಂದು ಜಾರಿ ಕೆಳಗೆ ಬಿತ್ತು. ಒಡೆಯಲಿಲ್ಲ, ಕಡಲಿನತ್ತ ಉರುಳಿತು. ಹದ್ದೊಂದು ಎರಗಿ ಎತ್ತಿಕೊಂಡು, ಎರಡು ಮಾರು ಹಾರಿ, ಬಿಟ್ಟುಹೋಯಿತು. ಮೋರಿ ಸಾನ್ ಒಂದನ್ನು ಬಹಳ ಹೊತ್ತು ಅಗಿದು, ಹಲ್ಲಿಗೆ ಒಳ್ಳೆಯ ವ್ಯಾಯಾಮ ಎಂದರು. ಆಮೇಲೆ ತಪ್ಪು ತಮ್ಮ ಜ್ವಾಲಾಮುಖಿಯದ್ದೇ ಎಂಬಂತೆ "ಸುಮಿಮಾಸೆನ್" ಎಂದು ಬಗ್ಗಿದರು. ಮೇಘನಾ ಬರೆದುಕೊಂಡಳು. "ಏನ್ ಬರೆದೆ?" ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ರಜೆ ಮುಗಿದ ಮೇಲೆ ಶಾಲೆಯ ಗೋಡೆಯ ಮೇಲೆ ಅವಳ ಪ್ರಯೋಗದ ಹಾಳೆ ನೋಡಿದೆ. ಎರಡು ಫೋಟೋ. ಅಮ್ಮ, ಹನ್ನೆರಡು ನಿಮಿಷ. ಅಪ್ಪ, ಮೂಗೆತ್ತಿ ಕೂತ ಭಂಗಿ. ಕೆಳಗೆ ಬರೆದದ್ದನ್ನು ಮಗಳೇ ಓದಿ ಹೇಳಿದಳು: "ಅಪ್ಪನ ಮೂಗು ನಗೋಯಾದಲ್ಲಿ ಕೆಲಸ ಮಾಡುತ್ತೆ. ಜ್ವಾಲಾಮುಖಿ ಹತ್ರ ಮಾಡಲ್ಲ." ಪಕ್ಕದಲ್ಲಿ ಮೇಷ್ಟ್ರು ಕೆಂಪು ಶಾಯಿಯಲ್ಲಿ ದೊಡ್ಡ ಹೂವು ಬರೆದಿದ್ದರು, ಇಲ್ಲಿ ಅದು ಶಹಭಾಸ್ ಎಂಬ ಗುರುತು. ಒಂದು ತಟ್ಟೆ ಕೆಟ್ಟಿದ್ದರಿಂದಲೇ ಪ್ರಯೋಗಕ್ಕೆ ಬೆಲೆ ಬಂತು ಎಂದು ಅವರು ನನಗೆ ಬಗ್ಗಿ ವಂದಿಸಿದರು. ಶಾಲೆಯಲ್ಲಿ ನನಗೆ ಸಿಕ್ಕ ಮೊದಲ ಮೆಚ್ಚುಗೆ ಅದು, ಅದೂ ಫೇಲಾಗಿದ್ದಕ್ಕೆ.

ಈಗ ನನ್ನ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಹಿಂದೆ ಒಂದು ಟೈಮರ್ ಇದೆ. ಮೊನ್ನೆ ಇಂಜಿನಿಯರೊಬ್ಬರು ಅದು ಕೂಗಿದ್ದನ್ನು ಕೇಳಿಸಿಕೊಂಡು, "ಏನ್ ಮಂಜಣ್ಣ, ಮೂಗು ಏನಾಯ್ತು?" ಎಂದರು.

"ಸ್ವಲ್ಪ ನೆಗಡಿ ಸಾರ್," ಎಂದೆ.

ಎರಡು ತಿಂಗಳಾಯಿತು, ನೆಗಡಿ ಇನ್ನೂ ಬಿಟ್ಟಿಲ್ಲ.